ಹೊಡೆದುಹಾಕಿದ ಸಾಲು

ಅರ್ಜಿಯ ಒಂಬತ್ತನೇ ಕಲಮು ಕೇಳುತ್ತದೆ:
ಮನೆ ಖಾಲಿ ಮಾಡಿಸುವ ನೋಟೀಸು ಲಗತ್ತಿಸಿದೆಯೇ?
ಇಲ್ಲವಾದರೆ ಫೈಲು ಮುಂದೆ ಹೋಗುವುದಿಲ್ಲ.
ಬೀದಿಗೆ ಬೀಳುವವರಿಗೇ ಈ ದುಡ್ಡು.
ಬೀಳುತ್ತೇವೆ ಅನ್ನುವುದಕ್ಕೆ
ತಳ್ಳುವವರ ಕೈಬರಹ ಬೇಕು.

ನಾನು ಟ್ರಸ್ಟಿನ ಗುಮಾಸ್ತ. ಪೆಟ್ರೋಲಿಗೆ ದಿನಕ್ಕೆ ಅರವತ್ತು.
ಸೀಗೆಹಟ್ಟಿಯ ಗಲ್ಲಿಯಲ್ಲಿ ಸೆಲ್ವಿಯ ಮನೆ ಕೇಳಿದೆ.
'ಇಡ್ಲಿ ಸೆಲ್ವಿನಾ, ಹೂವಿನ ಸೆಲ್ವಿನಾ?'
ಬಾಡಿಗೆ ಕಟ್ಟದ ಸೆಲ್ವಿ ಅನ್ನಲಾಗಲಿಲ್ಲ.
ಇಡ್ಲಿ, ಅಂದೆ.

ಒಂದೇ ಕೋಣೆ, ಅದರ ಮೂಲೆಯೇ ಅಡುಗೆಮನೆ.
ಭದ್ರಾವತಿಯಲ್ಲಿ ಕೆಲಸ ಹೋದ ಮೇಲೆ ಬಂದವರು.
ಗಂಡನ ಲಗೇಜ್ ಆಟೋ ಬೈಪಾಸಿನಲ್ಲಿ ಮಗುಚಿ
ಈಗ ಕಾಲಿಗೆ ರಾಡು.
ಮಂಚದ ಮೇಲೆ ಕೂತು ಮಗಳ ಲೆಕ್ಕ ತಿದ್ದುತ್ತಿದ್ದವನು
ತಲೆ ಎತ್ತಲಿಲ್ಲ.
ಬಾಡಿಗೆ ಮೂರೂವರೆ ಸಾವಿರ. ಬಾಕಿ ನಾಲ್ಕು ತಿಂಗಳು.
ಅಡ್ವಾನ್ಸು ಆಸ್ಪತ್ರೆಗೆ ಹೋಗಿದೆ,
ಓನರಮ್ಮನೇ ತಂದುಕೊಟ್ಟದ್ದು, ಕೇಳುವ ಮೊದಲೇ.

ಅದನ್ನು ನಾನು ಬರೆದುಕೊಳ್ಳಲಿಲ್ಲ.
ಅದಕ್ಕೆ ಕಲಮು ಇಲ್ಲ.

ಓನರಮ್ಮ ಅಂದರೆ ಪಕ್ಕದ ಬಾಗಿಲು, ಲೀಲಾಬಾಯಿ.
ಮೂವತ್ತು ವರ್ಷ ರವಿಕೆ ಹೊಲಿದು ಕಟ್ಟಿಸಿದ ಎರಡು ಕೋಣೆ.
ಒಂದರಲ್ಲಿ ಇರುವುದು,
ಇನ್ನೊಂದರಿಂದ ಬದುಕುವುದು:
ಬಿಪಿ ಮಾತ್ರೆ, ಗ್ಯಾಸು, ಕಂದಾಯ.
'ನಾಲ್ಕು ತಿಂಗಳಿಂದ ಅರ್ಧ ಮಾತ್ರೆ ನುಂಗ್ತಿದೀನಿ' ಅಂದರು,
ದೂರಿನ ಹಾಗಲ್ಲ, ಹವಾಮಾನದ ಹಾಗೆ.

'ನೋಟೀಸಾ? ನಾನ್ಯಾಕೆ ಕೊಡ್ಲಿ?'
'ಕೊಟ್ರೆ ಅವರಿಗೆ ದುಡ್ಡು ಬರುತ್ತಮ್ಮ.'
'ಹೊರಗೆ ಹಾಕ್ತೀನಿ ಅಂತ ಬರದ್ರೆ
ಅವರು ಒಳಗೆ ಉಳೀತಾರಾ?'
'ಹೌದು.'
ಅಳತೆ ತಪ್ಪಿದ ತೋಳನ್ನು ನೋಡುವ ಹಾಗೆ
ನನ್ನನ್ನು ನೋಡಿದರು.

ಕೊನೆಗೆ ಕನ್ನಡಕ ಹುಡುಕಿ, ಮಿಷನ್ನಿನ ಮೇಲೇ ಹಾಳೆಯಿಟ್ಟು ಕೂತರು.
ನಾನು ಹೇಳುತ್ತ ಹೋದೆ:
ಈ ತಿಂಗಳ ಕೊನೆಯೊಳಗೆ ಬಾಕಿ ತೀರಿಸದಿದ್ದಲ್ಲಿ
ಸಾಮಾನು ಹೊರಗಿಟ್ಟು ಬೀಗ ಹಾಕಲಾಗುವುದು.
'ಯಾವ ಬೀಗ?'
ನಿಮ್ಮದೇ, ಅಂದೆ.
'ಇರೋದು ಒಂದೇ ಬೀಗ ಕಣಪ್ಪ, ಎರಡೂ ಮನೆಗೆ.
ಯಾರು ಊರಿಗೆ ಹೋಗ್ತಾರೋ ಅವರು ಹಾಕ್ಕೊಂಡು ಹೋಗ್ತೀವಿ.
ಬೀಗದಕೈ ಅವಳ ಮೊಳೇಲೇ ಇರೋದು.'
ಆದರೂ ಬರೆದರು. ಬೀಗದ ಗ ಸ್ವಲ್ಪ ನಡುಗಿತು.

ರುಜು ಹಾಕಿದ ಮೇಲೆ ನೋಡುತ್ತೇನೆ,
ಅದರ ಕೆಳಗೆ, ಕೇಳದೆ, ಇನ್ನೊಂದು ಸಾಲು:
ಆದರೆ ನಾನು ಹಾಗೆ ಮಾಡುವವಳಲ್ಲ.

ಇದು ಬರಬಾರದಮ್ಮ, ಅಂದೆ. ಪೆನ್ನು ತೆಗೆದು
ಒಂದು ಗೆರೆ ಎಳೆದೆ, ಅದರ ಮೇಲೆ ಇನ್ನೊಂದು.
'ಪೂರ್ತಿ ಕಾಣದ ಹಾಗೆ ಹೊಡೀಬೇಡ' ಅಂದರು.

ಪ್ರತಿ ತಲುಪಿದೆ ಅಂತ ಸೆಲ್ವಿ ಸಹಿ ಹಾಕಬೇಕು.
ಎಲ್ಲ ಗೊತ್ತಿದ್ದವಳು, ಗೋಡೆಯಾಚೆ ನಿಂತು ಕೇಳಿಸಿಕೊಂಡವಳು,
ಓದುತ್ತ ಓದುತ್ತ ಹೊಸ್ತಿಲ ಮೇಲೆ ಕುಸಿದು ಕೂತಳು.
ಹಾಳೆಯ ಅಂಚಿಗೆ ಹಿಟ್ಟಿನ ಬೆರಳು ಅಂಟಿತು.
ಲೀಲಾಬಾಯಿ ಒಳಗೆ ಹೋಗಿ
ಖಾಲಿ ಮಿಷನ್ನು ತುಳಿಯತೊಡಗಿದರು,
ಬಟ್ಟೆಯಿಲ್ಲದೆ, ದಾರವಿಲ್ಲದೆ.

ಆಫೀಸಿನಲ್ಲಿ ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದರು.
'ಏನ್ರೀ ಇದು, ಹೊಡೆದುಹಾಕಿರೋದು?'
ಕಾಗುಣಿತ ತಪ್ಪು ಸಾರ್.
ಠಸ್ಸೆ ಬಿತ್ತು. ಮೂರು ತಿಂಗಳದ್ದು ಮಂಜೂರು.
ಮೂರಕ್ಕಿಂತ ಹೆಚ್ಚು ಕೊಡುವ ನಿಯಮವಿಲ್ಲ.

ದಸರಾ ಕಳೆದು ಆ ಕಡೆ ಹೋದಾಗ
ಸೆಲ್ವಿಯ ಬಾಗಿಲಿಗೆ ಬೀಗ.
ಬೈಕು ತಾನಾಗಿ ನಿಂತಿತು. ಎದೆ ಧಸಕ್ಕೆಂದಿತು.
ಯಾವ ಗೆರೆಯ ಕೆಳಗಿನ ಮಾತು ನಿಜವಾಯಿತು?
ಪಕ್ಕದ ಮೆಟ್ಟಿಲಲ್ಲಿ ಲೀಲಾಬಾಯಿ,
ಮಡಿಲಲ್ಲಿ ಸೆಲ್ವಿಯ ಇಡ್ಲಿ ತಟ್ಟೆಗಳು, ಬೂದಿ ಹಾಕಿ ಉಜ್ಜುತ್ತ.
'ಕಾಲು ತೋರ್ಸೋಕೆ ಮೆಗ್ಗಾನಿಗೆ ಹೋಗಿದಾರೆ.
ಸಂಜೆಗೆ ಬರ್ತಾರೆ.'

ಆಮೇಲೆ, ತಟ್ಟೆಯ ಗುಳಿಯೊಂದಕ್ಕೆ ಬೆರಳು ತಿರುವುತ್ತ:
'ಇನ್ನೊಂದು ತಿಂಗಳದ್ದು ಹಂಗೇ ಇದೆ.
ಅದಕ್ಕೂ ಏನಾದ್ರೂ ಬರೀಬೇಕಾ?'